ಆಲೇಖದ ಹಿನ್ನೆಲೆಯ ಗೆರೆಗಳು

ಮಿಲಿಮೀಟರ್ ಚೌಕಗಳ ಕಾಗದದ ಮೇಲೆ ಪೆನ್ಸಿಲಿನಿಂದ ಆಲೇಖ ಬರೆದವರು ಬಲ್ಲರು: ಅಲ್ಲಿ ಗೆರೆಗಳು ಮೊದಲು, ಬಿಂದುಗಳು ಆಮೇಲೆ. ಗಣಕಯಂತ್ರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಬಿಂದುಗಳನ್ನು ನಾವು ಒದಗಿಸಿದರೆ ಸಾಕು. ಅಕ್ಷಗಳನ್ನೂ ಅವುಗಳ ಅಂಕೆಗಳನ್ನೂ ತಂತ್ರಾಂಶವೇ ನಿರ್ಧರಿಸಿಬಿಡುತ್ತದೆ. ಆ ನಿರ್ಧಾರವು ನಮ್ಮ ಉದ್ದೇಶಕ್ಕೆ ಒಪ್ಪುವುದೇ ಎಂದು ವಿಚಾರಿಸುವವರು ವಿರಳ.

ಗ್ರಹಗಳನ್ನೇ ತೆಗೆದುಕೊಳ್ಳೋಣ. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರವನ್ನು 1 ಎಂದಿಟ್ಟುಕೊಂಡರೆ ಬುಧನ ದೂರ 0.39, ಗುರುವಿನದು 5.2, ನೆಪ್ಚೂನನದು 30.1. ಅವುಗಳ ಪರಿಭ್ರಮಣಕಾಲ ಕ್ರಮವಾಗಿ 0.24, 11.9 ಮತ್ತು 165 ವರ್ಷ. ದೂರವನ್ನು ಅಡ್ಡ ಅಕ್ಷದಲ್ಲಿಯೂ ಕಾಲವನ್ನು ಲಂಬ ಅಕ್ಷದಲ್ಲಿಯೂ ಸಾಧಾರಣ ಮಾನದಲ್ಲಿಟ್ಟರೆ, ಬುಧ, ಶುಕ್ರ, ಭೂಮಿ, ಮಂಗಳ ಈ ನಾಲ್ಕೂ ಮೂಲಬಿಂದುವಿನ ಬಳಿ ದೊಡ್ಡಿಯಲ್ಲಿ ಕೂಡಿದ ಕುರಿಗಳಂತೆ ಒತ್ತೊತ್ತಾಗಿ ನಿಲ್ಲುತ್ತವೆ. ಎರಡು ಅಕ್ಷಗಳನ್ನೂ ಲಘುಗಣಕ ಮಾನಕ್ಕೆ ಬದಲಾಯಿಸಿದೊಡನೆ ಎಲ್ಲ ಗ್ರಹಗಳೂ ಒಂದೇ ಸರಳರೇಖೆಯ ಮೇಲೆ ಸಾಲುಗೂಡುತ್ತವೆ. ಅದರ ಓಟ 3/2. ಕಾಲದ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿದೆಯೆಂದು 1619ರಲ್ಲಿ ಕೆಪ್ಲರನು ಪ್ರಕಟಿಸಿದ ನಿಯಮವೇ ಅದು.

ಆದರೆ ಅಪಾಯವಿರುವುದೂ ಇಲ್ಲಿಯೇ. ಹಿನ್ನೆಲೆಯಲ್ಲಿ 1, 10, 100 ಎಂಬ ಮುಖ್ಯ ಗೆರೆಗಳು ಮಾತ್ರ ಇವೆಯೆನ್ನೋಣ. ನೆಪ್ಚೂನನ ಬಿಂದು 10 ಮತ್ತು 100ರ ಹೆಚ್ಚುಕಡಮೆ ನಡುಮಧ್ಯದಲ್ಲಿರುತ್ತದೆ. ನಡುವೆ ಎಂದರೆ 55 ಎಂದು ಓದಿಬಿಡುವ ವಿದ್ಯಾರ್ಥಿಗಳನ್ನು ನಾವು ಕಂಡಿದ್ದೇವೆ. ಅವರ ಕಣ್ಣಿನದೇನೂ ತಪ್ಪಲ್ಲ, ಸಾಧಾರಣ ಮಾನದ ಅಭ್ಯಾಸ ಅಂಥದು. ಲಘುಗಣಕ ಅಕ್ಷದಲ್ಲಿ ಆ ಮಧ್ಯಸ್ಥಾನದ ಬೆಲೆ ಕೇವಲ 31.6. 20, 30, 40 ಎಂದು 90ರವರೆಗೆ ಉಪರೇಖೆಗಳನ್ನು ಎಳೆಯಿಸಿದರೆ, ಅವು 100ರ ಕಡೆಗೆ ದಟ್ಟವಾಗುತ್ತ ಹೋಗುವುದೇ ಎಚ್ಚರಿಕೆಯಾಗುತ್ತದೆ. ಮೆದುಳಿನ ವಿದ್ಯುತ್ ಸಂಕೇತಗಳ ಅಧ್ಯಯನಕ್ಕೆಂದು ಜಾನ್ ಹಂಟರ್ ಆರಂಭಿಸಿ, 2003ರಲ್ಲಿ ಮೊದಲು ಹೊರಬಂದ ಮ್ಯಾಟ್‌ಪ್ಲಾಟ್‌ಲಿಬ್ ತಂತ್ರಾಂಶದಲ್ಲಿ ಗೆರೆಗಳನ್ನು ಬೇಡಿದರೆ ಮುಖ್ಯ ಗೆರೆಗಳಷ್ಟೇ ಬರುತ್ತವೆ. ಉಪರೇಖೆಗಳನ್ನು ಬೇರೆಯಾಗಿಯೇ ಕೇಳಬೇಕು.

ಇನ್ನೊಂದು ಮಾತು. ಕೋನಮಾಪಕವನ್ನಿಟ್ಟು ಓಟವನ್ನು ಅಳೆಯುವುದಾದರೆ ಎರಡು ಅಕ್ಷಗಳಲ್ಲಿಯೂ ಹತ್ತುಪಟ್ಟಿನ ಅಂತರ ಸಮನಾಗಿರಬೇಕು. ಆಗ ಗ್ರಹಗಳ ರೇಖೆಯ ಕೋನ 56.3 ಡಿಗ್ರಿ. ಚಿತ್ರವನ್ನು ಪುಟಕ್ಕೆ ಹೊಂದಿಸಲೆಂದು ಅಡ್ಡಲಾಗಿ ಎಳೆದರೆ ಕೋನ ಬದಲಾಗುತ್ತದೆ, ನಿಯಮ ಬದಲಾಗುವುದಿಲ್ಲ.

ಗೆರೆಗಳ ಬಣ್ಣದ ವಿಷಯದಲ್ಲಿ ನಾವು ಜಿಪುಣರು. ಮುಖ್ಯ ಗೆರೆ ತೆಳು ಬೂದು, ಉಪರೇಖೆ ಅದಕ್ಕಿಂತ ತೆಳು. ಕಪ್ಪಾಗಿ ಎಳೆದರೆ ಕಿಟಕಿಯ ಸರಳುಗಳ ಹಿಂದೆ ಬಿಂದುಗಳನ್ನು ಹುಡುಕಬೇಕಾದೀತು. ಸ್ತಂಭಚಿತ್ರಗಳಲ್ಲಂತೂ, ಬೇಡವೆಂದು ಹೇಳದಿದ್ದರೆ, ಮೇಲೆ ಹೆಸರಿಸಿದ ತಂತ್ರಾಂಶವು ಗೆರೆಗಳನ್ನು ಸ್ತಂಭಗಳ ಮೇಲೆಯೇ ಹಾಯಿಸುತ್ತದೆ.

ಮಾನವನ್ನು ಬದಲಾಯಿಸುವ ಮೊದಲು ಅಂಕಿಗಳ ಪಟ್ಟಿಯಲ್ಲಿ ಸೊನ್ನೆಯಿದೆಯೇ ಎಂದು ನೋಡಿಕೊಳ್ಳಬೇಕು. ಲಘುಗಣಕ ಅಕ್ಷದಲ್ಲಿ ಸೊನ್ನೆಗೆ ಸ್ಥಳವೇ ಇಲ್ಲ. ಅಂಥ ಬಿಂದು ಚಿತ್ರದಿಂದ ಸದ್ದಿಲ್ಲದೆ ಮಾಯವಾಗುತ್ತದೆ.