ನೆಲದ ಅಂಟು ಬಿಡಿಸುವ ಮಾತು

ವಿಮಾನವು ನೆಲವನ್ನು ಬಿಟ್ಟು ಮೇಲೇಳುವ ಕ್ರಿಯೆಗೆ ಫ್ರೆಂಚರು ‘ದೆಕೊಲಾಜ್’ ಎನ್ನುತ್ತಾರೆ. ಆ ಭಾಷೆಯಲ್ಲಿ ‘ಕೊಲ್’ ಎಂದರೆ ಅಂಟು, ಗೋಂದು. ‘ದೆ’ ಎಂಬುದು ಬಿಡಿಸುವಿಕೆಯನ್ನು ಸೂಚಿಸುವ ಉಪಸರ್ಗ. ಲಕೋಟೆಯ ಮೇಲಿನ ಅಂಚೆಚೀಟಿಯನ್ನು ನೆನೆಸಿ ಬಿಡಿಸುವುದಕ್ಕೂ ಇದೇ ಧಾತುವಿನ ಮಾತು ಸಲ್ಲುತ್ತದೆ. ಕನ್ನಡದಲ್ಲಿ ವಿಮಾನವು ‘ಮೇಲೇರುತ್ತದೆ’. ಮಾತಿನ ಲಕ್ಷ್ಯವೆಲ್ಲ ಆಕಾಶದ ಕಡೆಗೆ. ಫ್ರೆಂಚ್ ನುಡಿಯಾದರೋ ಬಿಡಲೊಲ್ಲದ ನೆಲವನ್ನು ನೆನಪಿಸುತ್ತದೆ.

ಆ ಹಿಡಿತ ಎಷ್ಟು ಬಲವಾದುದೆಂಬುದನ್ನು ಕ್ಲೆಮಾಂ ಅದೇರನ ಯತ್ನದಿಂದ ತಿಳಿಯಬಹುದು. 1890ರ ಅಕ್ಟೋಬರ್ 9ರಂದು ಅವನ ಉಗಿಯಂತ್ರದ ‘ಎಯೋಲ್’ ಸುಮಾರು 50 ಮೀಟರ್ ದೂರ ನೆಲ ಬಿಟ್ಟು ಸಾಗಿತು. ಎತ್ತರ ಮಾತ್ರ ಒಂದು ಗೇಣಿನಷ್ಟು! ಲ್ಯಾಟಿನ್ನಿನಲ್ಲಿ ಹಕ್ಕಿಗಿರುವ ‘ಆವಿಸ್’ ಪದದಿಂದ ವಿಮಾನಕ್ಕೆ ‘ಆವಿಯೋಂ’ ಎಂಬ ಹೆಸರನ್ನು ಕೊಟ್ಟವನೂ ಅವನೇ.

ಚಕ್ರಗಳ ಮೇಲೆ ಮೆಲ್ಲನೆ ಸಾಗಿ ಓಡುಹಾದಿಯನ್ನು ಸೇರುವುದು ‘ರೂಲಾಜ್’, ಎಂದರೆ ಉರುಳಾಟ. ಬಳಿಕ ಪೂರ್ಣಶಕ್ತಿಯ ಓಟ. ‘ವಿ-1’ ಎಂಬ ನಿರ್ಣಯವೇಗವನ್ನು ಮುಟ್ಟುವವರೆಗೆ ಓಟವನ್ನು ನಿಲ್ಲಿಸಬಹುದು. ಅದನ್ನು ದಾಟಿದ ಮೇಲೆ ಒಂದು ಯಂತ್ರ ಕೆಟ್ಟರೂ ಏರಲೇಬೇಕು, ಏಕೆಂದರೆ ಉಳಿದ ಹಾದಿಯಲ್ಲಿ ನಿಲ್ಲುವುದು ಅಸಾಧ್ಯ. ಮೂತಿಯನ್ನು ಮೇಲೆತ್ತುವುದಕ್ಕೆ ‘ಕಾಬ್ರೆ’ ಎಂಬ ಪದವಿದೆ. ಕುದುರೆಯು ಮುಂಗಾಲೆತ್ತಿ ನಿಲ್ಲುವುದಕ್ಕೆ ಹೇಳುವ ಹಳೆಯ ಮಾತೇ ಇದು.

ಈ ಪದಗಳು ಕೇವಲ ನಿಘಂಟಿನ ವಿಷಯವಲ್ಲ. 1977ರ ಮಾರ್ಚ್ 27ರಂದು ಟೆನೆರೀಫ್ ದ್ವೀಪದಲ್ಲಿ ಎರಡು ಭಾರಿ ವಿಮಾನಗಳು ಓಡುಹಾದಿಯಲ್ಲಿಯೇ ಡಿಕ್ಕಿಯಾಗಿ 583 ಜನ ಮಡಿದರು. ಏರಲು ಅಪ್ಪಣೆ ದೊರೆಯಿತೆಂದು ಒಬ್ಬ ಚಾಲಕನು ತಪ್ಪಾಗಿ ಗ್ರಹಿಸಿದ್ದನು. ಅಂದಿನಿಂದ ಆ ಪದವನ್ನು ಅಪ್ಪಣೆ ಕೊಡುವಾಗ ಇಲ್ಲವೆ ರದ್ದುಪಡಿಸುವಾಗ ಮಾತ್ರ ಬಳಸಬೇಕೆಂಬ ಕಟ್ಟಳೆ ಬಲವಾಯಿತು. ಫ್ರಾನ್ಸಿನಲ್ಲಿ ಹಾದಿಯಂಚಿನಲ್ಲಿ ಕಾದಿರುವ ಚಾಲಕನು ‘ದೆಪಾರ್’ಗೆ, ಎಂದರೆ ಹೊರಡುವುದಕ್ಕೆ, ಸಿದ್ಧನೆನ್ನುತ್ತಾನೆ, ‘ದೆಕೊಲಾಜ್’ ಎಂಬುದು ಗೋಪುರದಿಂದ ಬರಬೇಕಾದ ಮಾತು.

ಆದರೆ ಮಾತು ಎಲ್ಲರಿಗೂ ತಿಳಿಯಬೇಕಷ್ಟೆ? 2000ದ ಮೇ 25ರಂದು ಪ್ಯಾರಿಸ್ಸಿನ ಶಾರ್ಲ್ ದ ಗೋಲ್ ನಿಲ್ದಾಣದಲ್ಲಿ ಫ್ರೆಂಚ್ ವಿಮಾನವೊಂದಕ್ಕೆ ಏರುವ ಅಪ್ಪಣೆ ಫ್ರೆಂಚಿನಲ್ಲಿ ದೊರೆಯಿತು. ಬ್ರಿಟಿಷ್ ವಿಮಾನವೊಂದಕ್ಕೆ ಅದೇ ಓಡುಹಾದಿಗೆ ಬಂದು ಕಾಯಲು ಇಂಗ್ಲಿಷಿನಲ್ಲಿ ಸೂಚನೆ ಹೋಯಿತು. ನಿಯಂತ್ರಕನು ಅದು ಹಿಂದಿದೆಯೆಂದು ಭಾವಿಸಿದ್ದನು; ವಾಸ್ತವವಾಗಿ ಅದು ಮಧ್ಯದ ದಾರಿಯೊಂದರಿಂದ ಮುಂದಕ್ಕೆ ಬಂದು ಸೇರಿತು. ಓಡಿಬಂದ ವಿಮಾನದ ರೆಕ್ಕೆಯ ತುದಿ ಅದರ ಚಾಲಕಕೋಣೆಗೆ ಬಡಿದು ಒಬ್ಬ ಚಾಲಕನು ಅಸುನೀಗಿದನು. ಎರಡು ಭಾಷೆಗಳ ಬಳಕೆಯೂ ಒಂದು ಕಾರಣವೆಂದು ಫ್ರೆಂಚ್ ತನಿಖಾಧಿಕಾರಿಗಳೇ ದಾಖಲಿಸಿದರು. ಆದರೂ ಸ್ವದೇಶದ ಚಾಲಕರೊಡನೆ ಸ್ವಭಾಷೆಯಲ್ಲಿ ಮಾತನಾಡುವ ರೂಢಿಯನ್ನು ಫ್ರಾನ್ಸ್ ಕೈಬಿಟ್ಟಿಲ್ಲ.