ಶರಾವತಿಯ ಋಣ

ತೀರ್ಥಹಳ್ಳಿಯ ಬಳಿಯ ಅಂಬುತೀರ್ಥದಲ್ಲಿ ಶ್ರೀರಾಮನು ಶರವನ್ನು ನೆಟ್ಟು ನೀರು ಚಿಮ್ಮಿಸಿದನೆಂದೂ, ಅದರಿಂದಲೇ ನದಿಗೆ ಶರಾವತಿಯೆಂಬ ಹೆಸರಾಯಿತೆಂದೂ ಐತಿಹ್ಯವುಂಟು. ಇಂದು ಆ ನದಿಯೇ ನಮ್ಮ ಮನೆಗಳಲ್ಲಿ ದೀಪವಾಗಿ ಬೆಳಗುತ್ತಿರುವುದು.

ಇದರ ಕ್ರಮವನ್ನು ವಾಚಕರು ತಿಳಿಯತಕ್ಕುದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಮಳೆಗಾಲದ ನೀರನ್ನು ಹಿಡಿದಿಡುವುದು. ಆ ನೀರು ಕಟ್ಟೆಯ ಬುಡದಲ್ಲಿ 55 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ನಡೆಸಿ ತಲಕಳಲೆಗೆ ಸಾಗುವುದು; ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಘಟ್ಟವಿಳಿದು, ಒಟ್ಟು 1035 ಮೆಗಾವಾಟಿನ 10 ಯಂತ್ರಗಳನ್ನು ತಿರುಗಿಸುವುದು; ಮತ್ತೆ ಗೇರುಸೊಪ್ಪೆಯಲ್ಲಿ 240 ಮೆಗಾವಾಟಿಗೆ ದುಡಿಯುವುದು. ಒಂದೇ ಹಸುವನ್ನು ಮೂರು ಬಾರಿ ಕರೆದಂತೆ! ಇಷ್ಟಾದರೂ ನೀರು ನೀರಾಗಿಯೇ ಉಳಿಯುವುದು. ಅದು ಬಿದ್ದ ಎತ್ತರವೇ ಶಕ್ತಿಯಾಗುವುದು.

ಆದರೆ ಈ ದೀಪಕ್ಕೆ ಎಣ್ಣೆ ಎರೆದವರಾರು? ಹಿನ್ನೀರಿನಲ್ಲಿ ಗದ್ದೆ, ತೋಟ, ದೇಗುಲಗಳು ಮುಳುಗಿ ಸಾವಿರಾರು ಸಂಸಾರಗಳು ಊರು ತೊರೆದವು. ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತೀರ ಇಳಿದ ಬೇಸಗೆಯಲ್ಲಿ ಅದು ಹಳೆಯ ಸಾಕ್ಷಿಯಂತೆ ತಲೆಯೆತ್ತುವುದು. ಸಂತ್ರಸ್ತರಲ್ಲನೇಕರು ಆರು ದಶಕಗಳ ಬಳಿಕವೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆದಿರುವರು.

ಕತ್ತಲೆಯನ್ನು ಕಳೆದವರನ್ನೇ ಕತ್ತಲೆಯಲ್ಲಿರಿಸುವುದು ಧರ್ಮವಲ್ಲ. ಅವರಿಗೆ ನೆಲ ದೊರೆತಂದೇ ಈ ಋಣವು ತೀರಿತೆನ್ನಬಹುದು. ಅಲ್ಲಿಯವರೆಗೆ, ಬರಿದೆ ಉರಿಯುವ ದೀಪವನ್ನಾದರೂ ನಾವು ಆರಿಸೋಣ.