ಬೆಳ್ಳಿ ಸೋರಿಹೋದ ಸಾಮ್ರಾಜ್ಯ: ಮಂಚು ಅರಸರ ಚೀನಾ

ಚೀನಾದ ಕೊನೆಯ ರಾಜವಂಶವಾದ ಛಿಂಗ್ ಮನೆತನದವರು ಬಹುಸಂಖ್ಯಾತ ಹಾನ್ ಚೀನೀಯರಲ್ಲ. ಈಶಾನ್ಯದ ಮಂಚೂರಿಯಾದಿಂದ ಬಂದ ಮಂಚು ಜನ. 1644ರಲ್ಲಿ ಬೀಜಿಂಗನ್ನು ಪ್ರವೇಶಿಸಿದ ಅವರು, ಗಂಡಸರೆಲ್ಲರೂ ಮುಂದಲೆ ಬೋಳಿಸಿ ಹಿಂದೆ ಜಡೆ ಬಿಡತಕ್ಕದ್ದೆಂದು ಮರುವರ್ಷವೇ ಕಟ್ಟಪ್ಪಣೆ ಹೊರಡಿಸಿದರು. ಒಪ್ಪದವರು ತಲೆಯನ್ನೇ ತೆರಬೇಕಾಯಿತು. ಆದರೆ ಆಡಳಿತದಲ್ಲಿ ಅವರು ಜಾಣರು. ಕನ್‌ಫ್ಯೂಷಿಯಸನ ತತ್ತ್ವವನ್ನೂ ಅಧಿಕಾರಿಗಳನ್ನು ಆರಿಸುವ ಹಳೆಯ ಪರೀಕ್ಷಾ ಪದ್ಧತಿಯನ್ನೂ ಕೈಬಿಡಲಿಲ್ಲ. ಇಂಥ ರಾಜ್ಯ 1912ರಲ್ಲಿ ಅಳಿದುದೇಕೆ?

ಬ್ರಿಟಿಷರ ಫಿರಂಗಿ, ಉಗಿಹಡಗುಗಳಿಂದ ಎಂಬುದು ರೂಢಿಯ ಉತ್ತರ. ಜಮಾ-ಖರ್ಚಿನ ಪುಸ್ತಕಗಳ ನಡುವೆಯೇ ಆಯುಷ್ಯ ಕಳೆದ ನಮ್ಮಂಥವರ ಕಣ್ಣು ಮಾತ್ರ ಬೆಳ್ಳಿಯ ಲೆಕ್ಕದತ್ತ ಹೊರಳುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಚಹಾದ ಹುಚ್ಚು ಹಿಡಿದಿತ್ತು. ಚಹಾ ದೊರೆಯುತ್ತಿದ್ದುದು ಚೀನಾದಲ್ಲಿ. 1757ರಿಂದ ಐರೋಪ್ಯ ಹಡಗುಗಳ ವ್ಯಾಪಾರ ಕ್ಯಾಂಟನ್ ಬಂದರೊಂದಕ್ಕೇ ಸೀಮಿತವಾಗಿತ್ತು. ಇಂಗ್ಲೆಂಡಿನ ಸರಕು ಚೀನೀಯರಿಗೆ ಅಷ್ಟಾಗಿ ಬೇಕಿರಲಿಲ್ಲ. 1793ರಲ್ಲಿ ಬಂದ ರಾಯಭಾರಿ ಮೆಕಾರ್ಟ್ನಿಗೆ ಚಕ್ರವರ್ತಿ ಛಿಯೆನ್‌ಲುಂಗ್, ತಮ್ಮಲ್ಲಿ ಯಾವುದಕ್ಕೂ ಕೊರತೆಯಿಲ್ಲವೆಂದು ತಿಳಿಸಿ ಬರಿಗೈಯಲ್ಲಿ ಕಳುಹಿಸಿದನು. ಹೀಗಾಗಿ ಚಹಾದ ಬೆಲೆಯನ್ನು ಬೆಳ್ಳಿಯಲ್ಲೇ ತೆರಬೇಕಿತ್ತು.

ಈ ಹರಿವನ್ನು ತಿರುಗಿಸಿದ್ದು ಭಾರತದ ಅಫೀಮು. ಬಂಗಾಳ, ಬಿಹಾರಗಳ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಮುಂದೆ ಕಳ್ಳಸಾಗಣೆ ಮಾಡುವವರು ಖಾಸಗಿ ವರ್ತಕರು, ಕಂಪನಿಯ ಕೈ ಶುದ್ಧ! ಮಾಳ್ವದ ಅಫೀಮು ದಮನ್ ಮತ್ತು ಮುಂಬಯಿ ಬಂದರುಗಳಿಂದ ಹೊರಡುತ್ತಿತ್ತು. ನಾವು ಮುಂಬಯಿಗರು ಜೆ.ಜೆ. ಆಸ್ಪತ್ರೆಯ ಮುಂದೆ ನಿತ್ಯ ಹಾದುಹೋಗುತ್ತೇವೆ. ಅದಕ್ಕೆ ಹೆಸರಿತ್ತ ಸರ್ ಜಮ್‌ಷೇಟ್‌ಜೀ ಜೀಜೀಭಾಯಿಯವರ ಸಂಪತ್ತು ಬೆಳೆದುದು ಚೀನಾದೊಡನೆ ನಡೆಸಿದ ಹತ್ತಿ ಮತ್ತು ಅಫೀಮಿನ ವ್ಯಾಪಾರದಿಂದ.

1820ರ ಸುಮಾರಿಗೆ ವರ್ಷಕ್ಕೆ ಐದು ಸಾವಿರದಷ್ಟಿದ್ದ ಅಫೀಮಿನ ಪೆಟ್ಟಿಗೆಗಳು 1838ರ ಹೊತ್ತಿಗೆ ಸುಮಾರು 40,000ಕ್ಕೆ ಏರಿದವು. ಬೆಳ್ಳಿ ಚೀನಾದಿಂದ ಹೊರಗೆ ಹರಿಯತೊಡಗಿತು. ಇದರ ಪೆಟ್ಟು ಅಫೀಮನ್ನು ಮುಟ್ಟದ ರೈತನಿಗೂ ತಗುಲಿದ್ದನ್ನು ಗಮನಿಸಬೇಕು. ಆತನ ಕೈಗೆ ಬರುತ್ತಿದ್ದುದು ತಾಮ್ರದ ಕಾಸು. ತೆರಿಗೆಯ ಲೆಕ್ಕ ಮಾತ್ರ ಬೆಳ್ಳಿಯಲ್ಲಿ. ಒಂದು ತೇಲ್ ಬೆಳ್ಳಿಗೆ ಸರ್ಕಾರಿ ದರ 1,000 ಕಾಸು. 1830ರ ದಶಕದ ಕೊನೆಗೆ ಪೇಟೆಯಲ್ಲಿ ಅದು 1,600ರಷ್ಟಾಯಿತು. ಮೂರು ತೇಲ್ ತೆರಿಗೆಗೆ 3,000 ಕಾಸು ಹೊಂದಿಸುತ್ತಿದ್ದವನು ಈಗ 4,800 ಹೊಂದಿಸಬೇಕು. ಅರಸ ತೆರಿಗೆ ಏರಿಸಲಿಲ್ಲ, ಆದರೂ ಹೊರೆ ಏರಿತು. ದಕ್ಷಿಣ ಅಮೆರಿಕದ ದಂಗೆಗಳಿಂದ ಲೋಕದಲ್ಲೆಲ್ಲ ಬೆಳ್ಳಿ ತುಟ್ಟಿಯಾದುದೂ ಒಂದು ಕಾರಣವೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಅದು ತಳ್ಳಿಹಾಕುವ ಮಾತಲ್ಲ.

1839ರಲ್ಲಿ ಕ್ಯಾಂಟನ್ನಿಗೆ ಬಂದ ಲಿನ್ ಝೆಷು ಎಂಬ ನಿಷ್ಠಾವಂತ ಅಧಿಕಾರಿ, 20,000ಕ್ಕೂ ಮಿಕ್ಕಿದ ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಹುಮೆನ್‌ನಲ್ಲಿ ಹೊಂಡ ತೋಡಿಸಿ, ಉಪ್ಪು-ಸುಣ್ಣ ಬೆರೆಸಿ ಕರಗಿಸಿ ಕಡಲಿಗೆ ಬಿಟ್ಟನು. ನೀರು ಕೆಡಿಸಿದ್ದಕ್ಕಾಗಿ ಸಮುದ್ರದೇವತೆಯ ಕ್ಷಮೆಯನ್ನೂ ಬೇಡಿದನು. ಬ್ರಿಟಿಷರ ಉತ್ತರ ಯುದ್ಧ. ಅದರಲ್ಲಿ ಮದರಾಸು ಸೈನ್ಯದ ಸಿಪಾಯಿಗಳೂ ಹೋರಾಡಿದರು.

1842ರ ನಾನ್‌ಕಿಂಗ್ ಒಪ್ಪಂದದಿಂದ ಹಾಂಗ್‌ಕಾಂಗ್ ಕೈಬಿಟ್ಟಿತು, ಐದು ಬಂದರುಗಳು ತೆರೆದವು. ದಂಡ 2.1 ಕೋಟಿ ಬೆಳ್ಳಿ ಡಾಲರು. ಅದರಲ್ಲಿ 60 ಲಕ್ಷ ನಾಶವಾದ ಅಫೀಮಿನ ಬೆಲೆ! ನಿಷಿದ್ಧ ಸರಕಿನ ಬೆಲೆಯನ್ನು ನಿಷೇಧಿಸಿದವನಿಂದಲೇ ವಸೂಲು ಮಾಡಿದಂಥ ಲೆಕ್ಕ ಬೇರೆಲ್ಲೂ ನಮಗೆ ಕಂಡಿಲ್ಲ.

ಮುಂದಿನ ಕಥೆ ತಿಳಿದದ್ದೇ. ಕೋಟಿಗಟ್ಟಲೆ ಜೀವಗಳನ್ನು ನುಂಗಿದ ತೈಪಿಂಗ್ ದಂಗೆ, 1860ರಲ್ಲಿ ಬೇಸಿಗೆ ಅರಮನೆಯ ದಹನ, 1895ರಲ್ಲಿ ಜಪಾನಿಗೆ ಸೋತು ತೆತ್ತ 20 ಕೋಟಿ ತೇಲ್. ಬಾಕ್ಸರ್ ದಂಗೆಯ ತರುವಾಯ 1901ರಲ್ಲಿ ವಿಧಿಸಿದ ದಂಡ 45 ಕೋಟಿ ತೇಲ್. ಶೇಕಡಾ 4 ಬಡ್ಡಿ, 39 ವರ್ಷಗಳ ಕಂತು. ಸುಂಕದ ಆದಾಯವೇ ಅದಕ್ಕೆ ಒತ್ತೆ. ಬಾಲಚಕ್ರವರ್ತಿ ಪುಯಿ 1912ರ ಫೆಬ್ರವರಿ 12ರಂದು ಸಿಂಹಾಸನ ತ್ಯಜಿಸಿದಾಗ ಮಂಚು ಆಳ್ವಿಕೆ ಮುಗಿಯಿತು. ಕಂತುಗಳು ಮಾತ್ರ ಹೊಸ ಗಣರಾಜ್ಯದ ಹೆಗಲೇರಿದವು. ಅಮೆರಿಕ ತನ್ನ ಪಾಲಿನ ಹೆಚ್ಚುವರಿ ಹಣವನ್ನು ಶಿಕ್ಷಣಕ್ಕೆಂದು ಮರಳಿಸಿದ್ದರಿಂದ 1911ರಲ್ಲಿ ಬೀಜಿಂಗಿನಲ್ಲಿ ಒಂದು ಶಾಲೆ ಆರಂಭವಾಗಿತ್ತು. ಅದೇ ಇಂದಿನ ಛಿಂಗ್‌ಹ್ವಾ ವಿಶ್ವವಿದ್ಯಾಲಯ.